ಮೂರು ನದಿಗಳ ನಾಡಿನ ಮಕ್ಕಳ ಪಾಠ

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 350 ಕಿಲೋಮೀಟರ್ ಹೋದರೆ, ಗೋಧಿ ಹೊಲ ಮತ್ತು ಕುರಿ ಮೇಯುವ ಬಯಲುಗಳ ನಡುವೆ ಪಾರ್ಕ್ಸ್ ಎಂಬ ಊರು ಸಿಗುತ್ತದೆ. ಊರಾಚೆ ನಿಂತಿರುವ 64 ಮೀಟರ್ ಅಗಲದ ರೇಡಿಯೊ ದೂರದರ್ಶಕ ಖಗೋಳದಲ್ಲಿ ಆಸಕ್ತಿಯಿರುವವರಿಗೆಲ್ಲ ಗೊತ್ತು. 1961ರಲ್ಲಿ ಕೆಲಸ ಶುರು ಮಾಡಿದ ಈ ಬೃಹತ್ ತಟ್ಟೆ, 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದ ದೃಶ್ಯಗಳನ್ನು ಹಿಡಿದು ಜಗತ್ತಿಗೆ ತಲುಪಿಸಿದ ಕೇಂದ್ರಗಳಲ್ಲಿ ಒಂದು. 2020ರ ನವೆಂಬರ್‌ನಲ್ಲಿ ಇದಕ್ಕೆ ‘ಮುರ್ರಿಯಾಂಗ್’ ಎಂಬ ಇನ್ನೊಂದು ಹೆಸರಿಟ್ಟರು. ಆ ನೆಲದ ಮೂಲ ಒಡೆಯರಾದ ವಿರಾಜುರಿ ಜನರ ನಂಬಿಕೆಯಲ್ಲಿ, ಸೃಷ್ಟಿಕರ್ತ ಬಿಯಾಮಿ ನೆಲೆಸಿರುವ ಮೇಲಿನ ಲೋಕದ ಹೆಸರದು. ಪಕ್ಕದ ಇನ್ನೆರಡು ಚಿಕ್ಕ ದೂರದರ್ಶಕಗಳಿಗೂ ವಿರಾಜುರಿಯಲ್ಲೇ ಹೆಸರು ಬಂತು. ಒಂದು ‘ಗಿಯಾಲುಂಗ್ ಮೀಲ್’, ಅಂದರೆ ಜಾಣ ಕಣ್ಣು. ಇನ್ನೊಂದು ‘ಗಿಯಾಲುಂಗ್ ಗುಲುಮನ್’, ಜಾಣ ತಟ್ಟೆ.

ಹೆಸರು ಬದಲಿಸುವುದು, ಫಲಕ ನೆಡುವುದು ಯಾವ ದೇಶದಲ್ಲಾದರೂ ಆಗುವ ಕೆಲಸ. ಪಾರ್ಕ್ಸ್‌ನಲ್ಲಿ ಅದಕ್ಕೆ ತೂಕ ಬಂದದ್ದು ಆ ಫಲಕವನ್ನು ಓದಿ ಅರ್ಥ ಹೇಳಬಲ್ಲ ಮಕ್ಕಳು ಅದೇ ಊರಿನ ಶಾಲೆಗಳಲ್ಲಿ ಇರುವುದರಿಂದ. ಅಲ್ಲಿ ವಿರಾಜುರಿ ಕಲಿಯುವ ಮಗು ತಲೆ ಮುಟ್ಟಿಕೊಂಡು ‘ಬಲಾಂಗ್’, ಕಣ್ಣು ತೋರಿಸಿ ‘ಮೀಲ್’, ಕಿವಿ ಹಿಡಿದು ‘ವುದ’ ಎನ್ನುತ್ತದೆ. ಕಳೆದ ದಶಕದ ನಡುವಿನ ಹೊತ್ತಿಗೇ, ಸುಮಾರು 11,000 ಜನರಿರುವ ಈ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ವಿರಾಜುರಿ ಪಾಠಕ್ಕೆ ಕೂರುತ್ತಿದ್ದಾರೆಂದು ವರದಿಯಾಗಿತ್ತು. ಅವರಲ್ಲಿ ವಿರಾಜುರಿ ಮನೆಯ ಮಕ್ಕಳೂ ಇದ್ದರು, ಬಿಳಿಯರ ಮನೆಯ ಮಕ್ಕಳೂ ಇದ್ದರು. ಒಂದು ಕಾಲಕ್ಕೆ ಬೀದಿಯಲ್ಲಿ ಆಡಿದರೆ ಲಾಕಪ್ಪಿಗೆ ತಳ್ಳಿಸಿದ ಭಾಷೆ ಇದು. ಆ ಕಥೆಗೆ ಬರುತ್ತೇನೆ.

ಮೊದಲು ನಾಡಿನ ಪರಿಚಯ. ನ್ಯೂ ಸೌತ್ ವೇಲ್ಸ್ ರಾಜ್ಯದ ನಡುಭಾಗದಲ್ಲಿ, ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಆಚೆ ಹರಡಿಕೊಂಡದ್ದು ವಿರಾಜುರಿ ಸೀಮೆ. ಮಾನವಶಾಸ್ತ್ರಜ್ಞ ನಾರ್ಮನ್ ಟಿಂಡೇಲ್ ಹಾಕಿದ ಅಂದಾಜಿನಂತೆ ಸುಮಾರು 97,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕರ್ನಾಟಕದ ಅರ್ಧದಷ್ಟು. ಬಾಥರ್ಸ್ಟ್, ಆರೆಂಜ್, ಡಬ್ಬೊ, ಕೌರಾ, ವಾಗಾ ವಾಗಾ, ಗ್ರಿಫಿತ್, ನರಾಂಡೆರಾ ಎಲ್ಲ ಈ ಸೀಮೆಯ ಊರುಗಳೇ. ಜನ ತಮ್ಮನ್ನು ‘ಮೂರು ನದಿಗಳವರು’ ಎಂದು ಕರೆದುಕೊಳ್ಳುತ್ತಾರೆ. ನಕ್ಷೆಯಲ್ಲಿ ಮಕ್ವಾರಿ, ಲಾಕ್ಲನ್ ಎಂದು ಬಿಳಿಯ ಗವರ್ನರನೊಬ್ಬನ ಹೆಸರು ಹೊತ್ತ ಎರಡು ನದಿಗಳಿಗೆ ಅವರಲ್ಲಿ ವಾಂಬೂಲ್, ಗಲಾರಿ ಎಂಬ ಹೆಸರುಗಳಿವೆ. ಮೂರನೆಯದು ಮರಂಬಿಜಿ, ಅದರ ಹೆಸರು ಮಾತ್ರ ಹಳೆಯ ರೂಪಕ್ಕೆ ಹತ್ತಿರವಾಗಿಯೇ ಉಳಿದುಕೊಂಡಿತು.

ಒಂದು ರಾತ್ರಿಯ ಲಾಕಪ್ಪು

ವಿಲ್ಫ್ರೆಡ್ ಜಾನ್ಸನ್ ಎಂಬ ಹಿರಿಯರು ಹಲವು ಮೂಲನಿವಾಸಿ ಭಾಷೆಗಳನ್ನು ಬಲ್ಲವರಾಗಿದ್ದರು. ಕಳೆದ ಶತಮಾನದ ನಡುಭಾಗದಲ್ಲಿ, ಒಂದು ಸಂಜೆ ಊರಿನ ಪಾರ್ಕಿನಲ್ಲಿ ಆಡುತ್ತಿದ್ದ ಮೊಮ್ಮಗನನ್ನು ‘ಬೇಗ ಬಾ’ ಎಂದು ವಿರಾಜುರಿಯಲ್ಲಿ ಕೂಗಿದರು. ಪೊಲೀಸಿನವನ ಕಿವಿಗೆ ಬಿತ್ತು. ಅಜ್ಜ ಆ ರಾತ್ರಿಯನ್ನು ಠಾಣೆಯಲ್ಲಿ ಕಳೆದರು. ಆಮೇಲೆ ಅವರು ಊರಿನೊಳಗೆ ತಮ್ಮ ಭಾಷೆ ಆಡಲಿಲ್ಲ. ಆಡಿದರೆ ಕಾಡಿನಲ್ಲಿ, ಬೇರೆಯವರ ಕಿವಿಗೆ ಬೀಳದ ಕಡೆ. ಅಂದು ಕೂಗಿಸಿಕೊಂಡ ಮೊಮ್ಮಗ ಸ್ಟಾನ್ ಗ್ರಾಂಟ್. ಮುಂದೆ ಇದೇ ಭಾಷೆಯ ನಿಘಂಟು ಕಟ್ಟಿದವರು ಅವರು. ಅದೇ ಹೆಸರಿನ ಅವರ ಮಗ ಆಸ್ಟ್ರೇಲಿಯಾದ ಹೆಸರಾಂತ ಪತ್ರಕರ್ತರಾದ್ದರಿಂದ ಅಪ್ಪನನ್ನು ‘ಹಿರಿಯ ಸ್ಟಾನ್ ಗ್ರಾಂಟ್’ ಎಂದು ಗುರುತಿಸುವುದು ರೂಢಿ.

ಒಬ್ಬ ಪೊಲೀಸಿನವನ ಹಟ ಎಂದು ಇದನ್ನು ಬದಿಗಿಡುವ ಹಾಗಿಲ್ಲ. 1813ರಲ್ಲಿ ಬಿಳಿಯರು ಬ್ಲೂ ಮೌಂಟನ್ಸ್ ದಾಟಿದರು. 1815ರಲ್ಲಿ ಬಾಥರ್ಸ್ಟ್ ಊರು ಕಟ್ಟಿದರು. ಹುಲ್ಲುಗಾವಲು ಕುರಿ, ದನಗಳ ಪಾಲಾಗುತ್ತ ಹೋದಂತೆ ವಿರಾಜುರಿಗಳು ಎದುರು ನಿಂತರು. 1824ರ ಆಗಸ್ಟ್ 14ರಂದು ಗವರ್ನರ್ ಬ್ರಿಸ್ಬೇನ್ ಅಲ್ಲಿ ಸೇನಾಡಳಿತ ಹೇರಿದ. ನಾಲ್ಕು ತಿಂಗಳು ಕಗ್ಗೊಲೆಗಳು ನಡೆದವು. ವಿರಾಜುರಿ ವೀರ ವಿಂಡ್ರಡೈನ್ ಅದೇ ವರ್ಷದ ಕೊನೆಗೆ ತನ್ನ ಜನರನ್ನು ಕರೆದುಕೊಂಡು ಬೆಟ್ಟ ದಾಟಿ ಪಾರಮಟ್ಟಾಕ್ಕೆ ನಡೆದುಬಂದು ಗವರ್ನರನ ಎದುರು ನಿಂತಾಗ, ಅವನ ಟೊಪ್ಪಿಗೆಯ ಮೇಲೆ ‘ಶಾಂತಿ’ ಎಂಬ ಇಂಗ್ಲಿಷ್ ಪದವಿತ್ತು.

ಬಂದೂಕು ಮಾಡಿ ಉಳಿಸಿದ್ದನ್ನು ಕಚೇರಿಗಳು ಮುಗಿಸಿದವು. 1909ರ ಕಾನೂನು, 1915ರಲ್ಲಿ ಅದಕ್ಕೆ ತಂದ ತಿದ್ದುಪಡಿ ಸೇರಿ ಮೂಲನಿವಾಸಿ ಮಕ್ಕಳನ್ನು ಕೋರ್ಟಿನ ಆದೇಶವಿಲ್ಲದೆ ಮನೆಯಿಂದ ಒಯ್ಯುವ ಅಧಿಕಾರವನ್ನು ‘ರಕ್ಷಣಾ ಮಂಡಳಿ’ಗೆ ಕೊಟ್ಟವು. ವಿರಾಜುರಿ ನೆಲದಲ್ಲೇ, ಕೂಟಮಂಡ್ರಾದಲ್ಲಿ, ಹಾಗೆ ಒಯ್ದ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ತರಬೇತು ಮಾಡುವ ವಸತಿಗೃಹ 1969ರವರೆಗೂ ನಡೆಯಿತು. ಟೆನಿಸ್ ಬಲ್ಲ ನಮ್ಮ ಹಿರಿಯ ಓದುಗರಿಗೆ ಇವೋನ್ ಗೂಲಗಾಂಗ್ ನೆನಪಿರಬೇಕು. 1971ರಲ್ಲಿ, ಮತ್ತೆ 1980ರಲ್ಲಿ ವಿಂಬಲ್ಡನ್ ಗೆದ್ದವರು. ಬಾರೆಲ್ಲನ್ ಎಂಬ ಸಣ್ಣ ಊರಿನಲ್ಲಿ ಬೆಳೆದ ವಿರಾಜುರಿ ಹುಡುಗಿ. ಹೊಳೆಯುವ ಕಾರೊಂದು ಊರಿಗೆ ಬಂದರೆ, ಸರ್ಕಾರದವರು ಎತ್ತಿಕೊಂಡು ಹೋಗುತ್ತಾರೆ, ಅಡಗಿಕೊಳ್ಳಿ ಎಂದು ಅಮ್ಮ ಹೇಳುತ್ತಿದ್ದುದನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಅಂಥ ದಿನಗಳಲ್ಲಿ ಯಾವ ತಾಯಿ ತಾನೇ ಮಗುವಿಗೆ ಧೈರ್ಯವಾಗಿ ತನ್ನ ಮಾತು ಕಲಿಸಿಯಾಳು? ಮಾತು ಕಲಿಸದೆ ಇರುವುದೇ ಮಗುವನ್ನು ಉಳಿಸಿಕೊಳ್ಳುವ ದಾರಿ ಎಂದು ಎಷ್ಟೋ ಮನೆಗಳು ಎಣಿಸಿದವು. ವಿರಾಜುರಿ ಹೀಗೆ ಬಾಯಿಂದ ಜಾರಿತು. 1980ರ ದಶಕದ ಹೊತ್ತಿಗೆ ಅದನ್ನು ಬಲ್ಲ ಹಿರಿಯರು ಬೆರಳೆಣಿಕೆಯಷ್ಟು.

ಹಾಳೆಗಳಿಂದ ಬಾಯಿಗೆ

ಇದಕ್ಕೂ ಬಹಳ ಹಿಂದೆ, 1830ರ ದಶಕದಲ್ಲಿ, ವೆಲ್ಲಿಂಗ್ಟನ್ ಕಣಿವೆಯ ಮಿಷನ್ನಿನಲ್ಲಿ ಜೇಮ್ಸ್ ಗುಂಥರ್ ಎಂಬ ಪಾದ್ರಿ ವಿರಾಜುರಿಯ ವ್ಯಾಕರಣ, ಪದಪಟ್ಟಿ ಬರೆದಿಡತೊಡಗಿದ್ದ. ನಮ್ಮ ಕಿಟ್ಟೆಲ್ಲರಂತೆ ಜರ್ಮನ್ ನಾಡಿನಿಂದ ಬಂದವನು. ಕಿಟ್ಟೆಲ್ಲರ ನಿಘಂಟು ಲಕ್ಷಾಂತರ ಜನ ಆಡುವ ನುಡಿಯ ಕೈಗೆ ಬಂತು. ಗುಂಥರನ ಹಾಳೆಗಳು ಗ್ರಂಥಭಂಡಾರ ಸೇರಿ, 1892ರಲ್ಲಿ ಅಚ್ಚಾದ ಮೇಲೂ ವಿದ್ವಾಂಸರ ವಸ್ತುವಾಗಿಯೇ ಉಳಿದವು. ಆರ್.ಎಚ್. ಮ್ಯಾಥ್ಯೂಸ್ ಎಂಬ ಸರ್ವೆಯರ್ 1904ರಲ್ಲಿ ಇನ್ನಷ್ಟು ಬರೆದಿಟ್ಟ.

1990ರ ದಶಕದಲ್ಲಿ ಸ್ಟಾನ್ ಗ್ರಾಂಟ್ ಮತ್ತು ಭಾಷಾವಿಜ್ಞಾನಿ ಜಾನ್ ರಡರ್ ಒಟ್ಟಿಗೆ ಕೂತಾಗ ಇಂಥ ಹಳೆಯ ಹಾಳೆಗಳೂ ಇದ್ದವು, ಅಜ್ಜನಿಂದ ಕಿವಿಗೆ ಬಿದ್ದ ಮಾತೂ ಇತ್ತು. ಬರಹ ಒಂದು ಕಡೆ, ಉಚ್ಚಾರ ಇನ್ನೊಂದು ಕಡೆ. ಎರಡನ್ನೂ ತಾಳೆ ಹಾಕುತ್ತ ಹೋಗಿ 2005ರಲ್ಲಿ ನಿಘಂಟು ತಂದರು. ಐದು ವರ್ಷಗಳ ಮೇಲೆ ಅದನ್ನು ಹಿಗ್ಗಿಸಿದರು. 2014ರಿಂದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ ವಿರಾಜುರಿ ಭಾಷೆ, ಸಂಸ್ಕೃತಿ, ಪರಂಪರೆಗಳಲ್ಲಿ ಪದವಿಯ ನಂತರದ ಕೋರ್ಸು ನಡೆಸುತ್ತಿದೆ. ಶಾಲೆಗಳಿಗೆ ಹೋಗಿ ಕಲಿಸುವವರು ಅಲ್ಲಿಂದ ತಯಾರಾಗುತ್ತಿದ್ದಾರೆ. 2017ರಲ್ಲಿ ನ್ಯೂ ಸೌತ್ ವೇಲ್ಸ್ ಮೂಲನಿವಾಸಿ ಭಾಷೆಗಳಿಗೆಂದೇ ಕಾನೂನು ಮಾಡಿತು. ಆಸ್ಟ್ರೇಲಿಯಾದ ಯಾವ ರಾಜ್ಯವೂ ಅದಕ್ಕೆ ಮೊದಲು ಅಂಥದ್ದನ್ನು ಮಾಡಿರಲಿಲ್ಲ. ಇದೇ ಸಮುದಾಯದ ಲೇಖಕಿ ತಾರಾ ಜೂನ್ ವಿಂಚ್ ಬರೆದ ‘ದಿ ಯೀಲ್ಡ್’ ಕಾದಂಬರಿಯಲ್ಲಿ ಒಬ್ಬ ಅಜ್ಜ ಸಾಯುವ ಮುಂಚೆ ತನ್ನ ಭಾಷೆಯ ಪದಕೋಶ ಬರೆದು ಮುಗಿಸಲು ಹೆಣಗುತ್ತಾನೆ. 2020ರ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಅದಕ್ಕೆ ಸಂದಿತು.

ಇಷ್ಟಾದರೂ ನನ್ನ ಎಣಿಕೆಯಲ್ಲಿ ನಿಘಂಟು ಅರ್ಧ ಕೆಲಸ ಮಾತ್ರ. ನಿಘಂಟಿನಲ್ಲಿ ಎಮು ಹಕ್ಕಿಗೆ ‘ದಿನವನ್’ ಎಂದಿರುತ್ತದೆ. ಅದು ಯಾವ ತಿಂಗಳು ಮೊಟ್ಟೆ ಇಡುತ್ತದೆ, ಎಷ್ಟು ಮೊಟ್ಟೆ ತೆಗೆಯಬಹುದು, ಎಷ್ಟು ಬಿಡಬೇಕು ಎನ್ನುವುದು ಅಲ್ಲಿರುವುದಿಲ್ಲ. ಆ ತಿಳಿವಳಿಕೆ ಕಥೆಯಲ್ಲಿ, ಹಾಡಿನಲ್ಲಿ, ನೆಲದ ಮೇಲಿನ ನಡಿಗೆಯಲ್ಲಿ ಇದೆ. ವಿರಾಜುರಿ ಹಿರಿಯರು ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ನದಿದಂಡೆಗೆ ಕರೆದೊಯ್ಯುವುದು ಈ ಕಾರಣಕ್ಕೆ.

ಮರದ ಮೇಲಿನ ದೋಣಿಯ ಗುರುತು

ನದಿದಂಡೆಯ ಪಾಠ ಹೇಗಿರುತ್ತದೆ ಎಂಬುದಕ್ಕೆ ಒಂದು ಮರ ಸಾಕು. ಮರಂಬಿಜಿ ನದಿಯ ಉದ್ದಕ್ಕೂ ಕೆಂಪು ಗಮ್ ಎಂಬ ನೀಲಗಿರಿ ಜಾತಿಯ ಭಾರಿ ಮರಗಳಿವೆ. ಕೆಲವು ಹಳೆಯ ಮರಗಳ ಕಾಂಡದ ಮೇಲೆ ಆಳೆತ್ತರಕ್ಕೂ ಮೀರಿದ, ಎರಡೂ ತುದಿ ಚೂಪಾದ ಗಾಯದ ಗುರುತು ಕಾಣುತ್ತದೆ. ಅಂಚಿನಲ್ಲಿ ಹೊಸ ತೊಗಟೆ ದಪ್ಪಗೆ ಸುರುಳಿ ಸುತ್ತಿಕೊಂಡು ಗಾಯ ಮುಚ್ಚಲು ಬಂದಿರುತ್ತದೆ. ನಡುವೆ ಒಣಗಿದ ಬೋಳು ಕಟ್ಟಿಗೆ. ಅಲ್ಲಿಂದ ಒಂದು ದೋಣಿ ಹೋಗಿದೆ.

ಮರದಲ್ಲಿ ರಸ ಏರುವ ಕಾಲ ನೋಡಿ, ಕಲ್ಲಿನ ಕೊಡಲಿಯಿಂದ ದೋಣಿಯ ಆಕಾರದ ಗೆರೆ ಕಡಿಯುತ್ತಿದ್ದರು. ಕಟ್ಟಿಗೆಯ ಬೆಣೆಗಳನ್ನು ಒಳಗೆ ಸರಿಸುತ್ತ ತೊಗಟೆಯನ್ನು ಹರಿಯದಂತೆ ನಿಧಾನವಾಗಿ ಬಿಡಿಸುವುದು. ಆಮೇಲೆ ಬೆಂಕಿಯ ಕಾವಿಗೆ ಹಿಡಿದು ಬಾಗಿಸಿ, ಬದಿಗಳು ಮಡಚಿಕೊಳ್ಳದಂತೆ ಅಡ್ಡಕೋಲು ಕೊಟ್ಟು, ತುದಿಗಳಿಗೆ ಜೇಡಿಮಣ್ಣು ಮೆತ್ತುವುದು. ದೋಣಿಯೊಳಗೆ ಮಣ್ಣಿನ ಹಾಸಿನ ಮೇಲೆ ಸಣ್ಣ ಬೆಂಕಿಯೂ ಇರುತ್ತಿತ್ತು. ಹಿಡಿದ ಮೀನನ್ನು ಅಲ್ಲೇ ಸುಟ್ಟುಕೊಳ್ಳಬಹುದು. ಇಷ್ಟೆಲ್ಲ ಆದ ಮೇಲೂ ಮರ ಬದುಕಿಯೇ ಇರುತ್ತದೆ. ಸುತ್ತಲೂ ತೊಗಟೆ ಕಿತ್ತರೆ ಮರ ಸಾಯುತ್ತದೆ, ಒಂದೇ ಮಗ್ಗುಲಿನಿಂದ ತೆಗೆದರೆ ಉಳಿಯುತ್ತದೆ ಎಂಬುದನ್ನು ಆ ಗುರುತಿನ ಮುಂದೆ ನಿಂತ ಮಗುವಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಇದೇ ರೀತಿ ಬಿಡಿಸಿದ ಚಿಕ್ಕ ತೊಗಟೆಯ ತಟ್ಟೆಯೇ ‘ಗುಲುಮನ್’. ಬೇರು, ಬೀಜ, ನೀರು ಹೊರಲು ಅದು ಬೇಕು. ಎಳೆಗೂಸನ್ನು ಮಲಗಿಸಲೂ ಅದೇ. ಪಾರ್ಕ್ಸ್‌ನ ದೂರದರ್ಶಕದ ಹೆಸರಿನಲ್ಲಿರುವ ತಟ್ಟೆ ಇದು.

ತೊಗಟೆದೋಣಿ ಮಾಡಿದ ಒಂದು ಕೆಲಸವನ್ನು ಗುಂಡಗಾಯ್ ಊರಿನ ಮಕ್ಕಳಿಗೆ ತಪ್ಪದೆ ಹೇಳುತ್ತಾರೆ. ಮರಂಬಿಜಿಯ ದಂಡೆಯ ತಗ್ಗು ಬಯಲಿನಲ್ಲಿ ಬಿಳಿಯರು ಈ ಊರು ಕಟ್ಟುವಾಗ, ಇಲ್ಲಿ ನೀರು ಬರುತ್ತದೆ, ಬೇಡ ಎಂದು ವಿರಾಜುರಿಗಳು ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. 1852ರ ಜೂನ್ ಕೊನೆಯ ವಾರ, ನಡುಚಳಿಗಾಲದ ರಾತ್ರಿ ನದಿ ಊರಿನೊಳಗೆ ನುಗ್ಗಿತು. ಸುಮಾರು 250 ಜನರಿದ್ದ ಊರಿನಲ್ಲಿ ಮೂರನೆಯ ಒಂದು ಪಾಲು ಜನ ಸತ್ತರು. ಆಸ್ಟ್ರೇಲಿಯಾ ಕಂಡ ಅತಿ ಭೀಕರ ಪ್ರವಾಹಗಳಲ್ಲಿ ಅದೂ ಒಂದು. ಮರದ ಕೊಂಬೆಗಳಿಗೆ, ಮನೆಯ ಸೂರುಗಳಿಗೆ ಜೋತುಬಿದ್ದವರನ್ನು ಯಾರಿ ಎಂಬ ವಿರಾಜುರಿಯವನು ತೊಗಟೆದೋಣಿಯಲ್ಲಿ ಒಬ್ಬೊಬ್ಬರನ್ನಾಗಿ, ಇಬ್ಬಿಬ್ಬರನ್ನಾಗಿ ದಡಕ್ಕೆ ತಂದ. ಜಾಕಿ ಜಾಕಿ ಎಂಬ ಇನ್ನೊಬ್ಬ ಹುಟ್ಟುದೋಣಿ ಹಿಡಿದ. ಇವರು ಉಳಿಸಿದ ಜೀವ 60ಕ್ಕೂ ಹೆಚ್ಚು. ಊರು ಆಮೇಲೆ ಎತ್ತರದ ನೆಲಕ್ಕೆ ಸರಿಯಿತು, ಅಂದರೆ ವಿರಾಜುರಿಗಳ ಮಾತಿನ ಪ್ರಕಾರ ಊರಿಗೆ ತಕ್ಕ ಜಾಗಕ್ಕೆ. ಯಾರಿ ಮತ್ತು ಜಾಕಿ ಜಾಕಿಯರ ಕಂಚಿನ ಪ್ರತಿಮೆ ಗುಂಡಗಾಯ್‌ನಲ್ಲಿ ನಿಂತದ್ದು 2017ರಲ್ಲಿ, 165 ವರ್ಷಗಳ ಬಳಿಕ. ಅನೀಟಾ ಹೈಸ್ 2021ರಲ್ಲಿ ಈ ಪ್ರವಾಹದ ಸುತ್ತ ಕಾದಂಬರಿ ಬರೆದು, ಅದರ ಹೆಸರನ್ನು ವಿರಾಜುರಿಯಲ್ಲೇ ಮುಖಪುಟಕ್ಕೆ ಹಾಕಿಸಿದರು.

ನದಿಯ ಬಗ್ಗೆ ಸ್ಥಳೀಯರ ಮಾತನ್ನು ತಳ್ಳಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಯಾವ ಭೂಗೋಳದ ಪುಸ್ತಕದಲ್ಲೂ ಇರಲಾರದು.

ಬಾತುಕೋಳಿಯ ಮಗ, ಎಮುವಿನ ಕತ್ತಲು

ನದಿಯಲ್ಲಿ ಪ್ಲಾಟಿಪಸ್ ಇದೆ. ವಿರಾಜುರಿಯಲ್ಲಿ ಅದರ ಹೆಸರು ‘ಬಿಲಾದುರಂಗ್’. ನ್ಯೂ ಸೌತ್ ವೇಲ್ಸ್‌ನ ನದಿಸೀಮೆಗಳಲ್ಲಿ ಮಕ್ಕಳಿಗೆ ಹೇಳುವ ಅದರ ಹುಟ್ಟಿನ ಕಥೆ ಹೀಗಿದೆ. ಹಿರಿಯರ ಮಾತು ಕೇಳದೆ ಒಂದು ಎಳೆಯ ಬಾತುಕೋಳಿ ಹೊಳೆಯ ಕೆಳಪಾತ್ರಕ್ಕೆ ಒಂಟಿಯಾಗಿ ಈಜುತ್ತ ಹೋಗುತ್ತದೆ. ಅಲ್ಲಿನ ನೀರಿಲಿ ಅದನ್ನು ಹಿಡಿದು, ಈಟಿ ತೋರಿಸಿ, ಬಿಲದೊಳಗೆ ಇಟ್ಟುಕೊಳ್ಳುತ್ತದೆ. ಬಾತು ಹೇಗೋ ತಪ್ಪಿಸಿಕೊಂಡು ತನ್ನವರ ಬಳಿಗೆ ಮರಳಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಬಾತಿನ ಕೊಕ್ಕು, ಬಾತಿನ ಜಾಲಪಾದ. ಮೈಮೇಲೆ ಮಾತ್ರ ಇಲಿಯ ತುಪ್ಪಳ, ಎರಡರ ಬದಲು ನಾಲ್ಕು ಕಾಲು, ಹಿಂಗಾಲಿನಲ್ಲಿ ಅಪ್ಪನ ಈಟಿ. ಬಳಗದವರು ಒಪ್ಪದ್ದರಿಂದ ತಾಯಿ ಮರಿಗಳನ್ನು ಕರೆದುಕೊಂಡು ದೂರದ ತಣ್ಣನೆಯ ತೊರೆಗಳಿಗೆ ಹೊರಟುಹೋಗುತ್ತದೆ.

ಈ ಕಥೆಯೊಳಗೆ ಎಷ್ಟು ಜೀವಶಾಸ್ತ್ರ ಇದೆ ನೋಡಿ. ಗಂಡು ಪ್ಲಾಟಿಪಸ್‌ನ ಹಿಂಗಾಲಿನಲ್ಲಿ ನಿಜಕ್ಕೂ ವಿಷದ ಮುಳ್ಳಿದೆ. ಅದು ದಂಡೆಯಲ್ಲಿ ಬಿಲ ತೋಡಿಕೊಂಡೇ ಬದುಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತುಪ್ಪಳವಿದ್ದೂ ಮೊಟ್ಟೆ ಇಡುತ್ತದೆ. 18ನೇ ಶತಮಾನದ ಕೊನೆಗೆ ಇದರ ಒಣಚರ್ಮ ಇಂಗ್ಲೆಂಡ್ ತಲುಪಿದಾಗ, ಬಾತಿನ ಕೊಕ್ಕನ್ನು ಯಾವುದೋ ಪ್ರಾಣಿಗೆ ಹೊಲಿದು ಯಾರೋ ಮೋಸ ಮಾಡಿರಬೇಕೆಂದು ಅಲ್ಲಿನ ಪ್ರಾಣಿಶಾಸ್ತ್ರಜ್ಞರು ಶಂಕಿಸಿದರು. ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ ಎಂಬ ವಾದ ಮುಂದಿನ ಎಂಟು ದಶಕ ನಡೆಯಿತು. ವಿಲಿಯಂ ಕಾಲ್ಡ್‌ವೆಲ್ ಎಂಬ ವಿಜ್ಞಾನಿ 1884ರಲ್ಲಿ, ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿಗಳ ನೆರವು ಪಡೆದು ಹುಡುಕಿ, ಮೊಟ್ಟೆಯೇ ಎಂದು ಖಚಿತಪಡಿಸಿದ. ಹೊಳೆದಂಡೆಯ ಮಕ್ಕಳು ಕಥೆ ಕೇಳುತ್ತಲೇ ಬಲ್ಲ ಸಂಗತಿ ಅದು.

ರಾತ್ರಿಯಾದರೆ ಪಾಠ ಆಕಾಶಕ್ಕೆ ಹೋಗುತ್ತದೆ. ಚುಕ್ಕಿಗೆ ಚುಕ್ಕಿ ಸೇರಿಸಿ ಚೇಳನ್ನೋ ಬಿಲ್ಲನ್ನೋ ಕಾಣುವುದು ನಮಗೆ ರೂಢಿ. ವಿರಾಜುರಿಗಳೂ ಅವರ ನೆರೆಯ ಕಮಿಲರಾಯ್ ಜನರೂ ಆಕಾಶಗಂಗೆಯ ನಡುವಿನ ಕಪ್ಪು ಪಟ್ಟೆಗಳಲ್ಲಿ, ಚುಕ್ಕಿಗಳಿಲ್ಲದ ಕಡೆ, ಒಂದು ಭಾರಿ ಎಮುವನ್ನು ಕಂಡರು. ವಿರಾಜುರಿಯಲ್ಲಿ ಅದು ‘ಗುಗುರ್ಮಿನ್’. ತ್ರಿಶಂಕು ನಕ್ಷತ್ರಪುಂಜದ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಕುತ್ತಿಗೆ ಉದ್ದಕ್ಕೆ ಚಾಚಿ, ಮೈ ವೃಶ್ಚಿಕ, ಧನುಗಳ ಕಡೆಗೆ ಹರಡಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಗುರ್ಮಿನ್ ಕಾಲು ಚಾಚಿ ಓಡುವಂತೆ ಮೇಲೇಳುತ್ತದೆ. ನೆಲದ ಮೇಲೆ ಎಮುಗಳು ಜೋಡಿಗಾಗಿ ಅಟ್ಟಾಡುವ ಕಾಲವೂ ಅದೇ. ಜೂನ್, ಜುಲೈಗೆ ಆಕಾಶದ ಎಮುವಿನ ಕಾಲು ಮಸುಕಾಗಿ, ಅದು ಗೂಡಿನ ಮೇಲೆ ಕೂತಂತೆ ತೋರುತ್ತದೆ. ಕೆಳಗೆ ಗಂಡು ಎಮುವೂ ಕಾವಿಗೆ ಕೂತಿರುತ್ತದೆ. ಎಮು ಸಂಸಾರದಲ್ಲಿ ಕಾವು ಕೊಡುವುದು ಅಪ್ಪನ ಕೆಲಸ. ಸುಮಾರು ಎಂಟು ವಾರ, ಅನ್ನನೀರು ಬಿಟ್ಟಂತೆಯೇ, ಕಡುಹಸಿರು ಮೊಟ್ಟೆಗಳ ಮೇಲೆ ಅದು ಕೂತಿರುತ್ತದೆ. ಮೊಟ್ಟೆ ಆರಿಸಲು ಹೊರಡುವ ಹೊತ್ತು ಬಂತೆಂದು ಆಕಾಶ ಹೇಳುತ್ತದೆ. ಚಿತ್ರ ಬದಲಾದ ಮೇಲೆ ಒಳಗೆ ಮರಿ ಬಲಿತಿರುತ್ತದೆ, ಮುಟ್ಟುವಂತಿಲ್ಲ. ಹೊತ್ತಿಗೆ ಮೊದಲೂ ಗೂಡನ್ನು ಬರಿದು ಮಾಡುವಂತಿಲ್ಲ. ಆಕಾಶವನ್ನೇ ಪಂಚಾಂಗ ಮಾಡಿಕೊಂಡ ಇನ್ನೊಂದು ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ರಿಶಂಕು ಕರ್ನಾಟಕದಿಂದಲೂ ಕಾಣುತ್ತದೆ. ಮೇ ತಿಂಗಳ ರಾತ್ರಿ, ದೀಪಗಳಿಲ್ಲದ ಕಡೆ ತೆಂಕಣ ದಿಗಂತದ ಮೇಲೆ ಹುಡುಕಿದರೆ ಗುಗುರ್ಮಿನ್ನಿನ ತಲೆ ಇರುವ ಜಾಗ ಮಕ್ಕಳಿಗೆ ತೋರಿಸಬಹುದು. ಕಪ್ಪು ಮಚ್ಚೆ ಸ್ಪಷ್ಟವಾಗಿ ಕಾಣಲು ಮಾತ್ರ ದಕ್ಷಿಣಾರ್ಧಗೋಳಕ್ಕೇ ಹೋಗಬೇಕು.

ಯಾರು ಕಲಿಸಬೇಕು

ವಿರಾಜುರಿಗಳಿಗೆಲ್ಲ ಸೇರಿದ ಕುಲಚಿಹ್ನೆ ‘ಗುಗಾ’, ಅಂದರೆ ಉಡ. ಅದರ ಜೊತೆಗೆ ಒಬ್ಬೊಬ್ಬರಿಗೂ ಅವರದೇ ಆದ ಪ್ರಾಣಿಯೋ ಪಕ್ಷಿಯೋ ಇರುತ್ತದೆ. ನಮ್ಮಲ್ಲಿ ಬಳಿ, ಬೆಡಗು ಬಲ್ಲವರಿಗೆ ಇದು ಹೊಸತೆನಿಸದು. ತನ್ನ ಕುಲಚಿಹ್ನೆಯ ಪ್ರಾಣಿಯನ್ನು ತಿನ್ನಬಾರದು. ಅದರ ನೆಲೆ, ಅದರ ನೀರು ಕಾಯುವುದು ತನ್ನ ಪಾಲಿನ ಹೊಣೆ. ಒಂದು ಊರಿನ ಹತ್ತು ಮಕ್ಕಳಿಗೆ ಹತ್ತು ಜೀವಿಗಳ ಹೊಣೆ ಬಂದರೆ ಆ ಹೊಳೆಗೆ ಎಷ್ಟು ಜನ ಕಾವಲು ಎಂದು ಲೆಕ್ಕ ಹಾಕಿ. ಪರಿಸರ ಶಿಕ್ಷಣದ ಎಷ್ಟೋ ಪಠ್ಯಪುಸ್ತಕಗಳು ಮುಟ್ಟಲಾರದ ಜಾಗ ಇದು. ‘ಯಿಂಜಮರ್ರ’ ಎಂಬ ನಡತೆಯನ್ನೂ ಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳುತ್ತಾರೆ: ಗೌರವದಿಂದಿರು, ಸಾವಧಾನವಾಗಿರು, ಅವಸರ ಬೇಡ. ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ ಅದನ್ನು ತನ್ನ ಆದರ್ಶವಾಗಿಯೇ ತೆಗೆದುಕೊಂಡಿದೆ.

ಕಲಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಇಲ್ಲಿ ಬಹಳ ದೊಡ್ಡದು. ಹಿರಿಯರನ್ನು ಅವರು ‘ಅಂಕಲ್’, ‘ಆಂಟಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಾವು ಪಕ್ಕದ ಮನೆಯವರಿಂದ ಆಟೊ ಚಾಲಕರವರೆಗೆ ಎಲ್ಲರಿಗೂ ಹಚ್ಚುವ ಅಂಕಲ್ ಅದಲ್ಲ. ತಿಳಿವಳಿಕೆ, ನಡತೆ ನೋಡಿ ಸಮುದಾಯ ಕೊಡುವ ಪದವಿ. ಕೆಲವು ಕಥೆ ಗಂಡಸರದು, ಕೆಲವು ಹೆಂಗಸರದು. ಕೆಲವನ್ನು ವಯಸ್ಸು ಬರುವ ತನಕ ಹೇಳುವುದಿಲ್ಲ. ಮಕ್ಕಳಿಗೆ ಸಿಗುವುದು ಮೊದಲ ಪದರ. ಬೆಳೆದಂತೆ ಒಳಗಿನ ಪದರ ತೆರೆಯುತ್ತಾರೆ. ಲ್ಯಾರಿ ಬ್ರಾಂಡಿ ಅವರಂಥ ವಿರಾಜುರಿ ಕಥೆಗಾರರು ಈ ಮೊದಲ ಪದರವನ್ನು ಎಲ್ಲ ಮಕ್ಕಳಿಗೂ ಧಾರಾಳವಾಗಿ ಹಂಚುತ್ತಿದ್ದಾರೆ. ವಿರಾಜುರಿ ಸೀಮೆಯ ಗಿಡ, ಪ್ರಾಣಿಗಳ ಬಗ್ಗೆ ಅವರು ಬರೆದ ಮಕ್ಕಳ ಪುಸ್ತಕವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಪ್ರಕಟಿಸಿದೆ.

ಒಳ್ಳೆಯ ಮನಸ್ಸಿನಿಂದಲೇ ಆಗುವ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಆಸ್ಟ್ರೇಲಿಯಾದ ಎಷ್ಟೋ ತರಗತಿಗಳಲ್ಲಿ ಮೂಲನಿವಾಸಿ ಕಲೆ ಎಂದರೆ ಮಕ್ಕಳ ಕೈಗೆ ಬಣ್ಣ ಕೊಟ್ಟು ಚುಕ್ಕಿ ಇಡಿಸುವುದು. ಚುಕ್ಕಿಚಿತ್ರ ನಡುಮರುಭೂಮಿಯ ಜನರದು; 1971ರ ಹೊತ್ತಿಗೆ ಪಪುನ್ಯಾ ಎಂಬಲ್ಲಿಂದ ಕ್ಯಾನ್ವಾಸಿಗೆ ಬಂದದ್ದು. ವಿರಾಜುರಿಗಳ ಕಲೆ ಗೆರೆಗಳಲ್ಲಿದೆ. ಹಿರಿಯರ ಸಮಾಧಿಯ ಸುತ್ತಲಿನ ಮರಗಳ ತೊಗಟೆ ತೆಗೆದು, ಒಳಗಿನ ಕಟ್ಟಿಗೆಯ ಮೇಲೆ ವಜ್ರಾಕಾರಗಳನ್ನೂ ಬಳುಕುವ ಗೆರೆಗಳನ್ನೂ ಆಳವಾಗಿ ಕೊರೆಯುತ್ತಿದ್ದರು. ಮೊಲಾಂಗ್ ಊರಿನ ಬಳಿ ಯುರಾನಿ ಎಂಬವನ ಸಮಾಧಿ ಇದೆ. ಸರ್ವೆಯರ್ ಥಾಮಸ್ ಮಿಚೆಲ್‌ಗೆ 1845–46ರ ಪಯಣದಲ್ಲಿ ದಾರಿ ತೋರಿದವನು, 1850ರಲ್ಲಿ ತೀರಿಕೊಂಡ. ಮಿಚೆಲ್ ಇಡಿಸಿದ ಕಲ್ಲೂ, ವಿರಾಜುರಿಗಳು ಕೊರೆದ ಮರಗಳೂ ಅಲ್ಲಿ ಜೊತೆಗೇ ಇವೆ. ವಿರಾಜುರಿ ಮಗುವಿಗೆ ಶಾಲೆಯಲ್ಲಿ ಚುಕ್ಕಿ ಇಡಿಸಿ ‘ಇದು ನಿನ್ನದು’ ಎಂದರೆ, ಅದರದೇ ಆದ ಗೆರೆ ಇನ್ನೊಮ್ಮೆ ಅಳಿಸಿದ ಹಾಗೆ.

ಕನ್ನಡದ ಕಿವಿಗೆ

ವಿರಾಜುರಿ ಮಾತು ಕಲಿಯದವರೂ ಅದರ ಒಂದೆರಡು ಪದ ಬಲ್ಲರು. ಕೂಕಬುರ್ರಾ ಹಕ್ಕಿಯ ಹೆಸರು ವಿರಾಜುರಿಯ ‘ಗುಗುಬರ್ರ’ದಿಂದ ಇಂಗ್ಲಿಷಿಗೆ ಹೋದದ್ದು, ಬೆಳಗಿನ ಜಾವ ಅದು ಕೂಗುವ ದನಿಯಂತೆಯೇ. ‘ಬಿಲಬಾಂಗ್’ ಎಂಬುದೂ ಇಲ್ಲಿನದೇ. ‘ಬಿಲ’ ಎಂದರೆ ನದಿ.

ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳ ನಾಲಗೆಗೆ ಈ ಭಾಷೆಯಲ್ಲಿ ಎರಡು ತೊಡಕು. ಪದದ ಮೊದಲಲ್ಲೇ ‘ಙ’ ಬರುತ್ತದೆ. ತಮ್ಮ ನೆಲವನ್ನು ಅವರು ಕರೆಯುವುದು ‘ಙುರಂಬಾಂಗ್’ ಎಂದು. ಹಲ್ಲಿಗೆ ತಾಗುವ ದಕಾರ ಬೇರೆ, ನಾಲಗೆ ಹಿಂದೆ ಸರಿದು ಬರುವ ಡಕಾರದಂಥದ್ದು ಬೇರೆ. ಕನ್ನಡದ ಮಗುವಿಗೆ ಇವೆರಡೂ ತೊಡಕಲ್ಲ. ‘ದ’, ‘ಡ’ ನಾವು ಹುಟ್ಟಿದಾಗಿನಿಂದ ಆಡುವವೇ. ವರ್ಣಮಾಲೆಯಲ್ಲಿ ಬಾಯಿಪಾಠಕ್ಕಷ್ಟೇ ಉಳಿದಿರುವ ಙಕಾರವನ್ನು ಬಳಸಿ ಮಾತಾಡಲು ವಿರಾಜುರಿಯಲ್ಲಿ ಅವಕಾಶವಿದೆ.

ವಾಗಾ ವಾಗಾ, ಆರೆಂಜ್, ಡಬ್ಬೊ, ಬಾಥರ್ಸ್ಟ್‌ಗಳಲ್ಲಿ ಕೆಲಸಕ್ಕೆಂದು ನೆಲೆಸಿದ ಕನ್ನಡದ ಮನೆಗಳಿದ್ದರೆ, ಅಲ್ಲಿನ ತಂದೆತಾಯಿಯರಲ್ಲಿ ಒಂದು ವಿನಂತಿ. ಮಗು ಶಾಲೆಯಿಂದ ವಿರಾಜುರಿ ಪದ ಹೊತ್ತು ಬಂದರೆ, ಇದರಿಂದ ಮುಂದೆ ಏನು ಉಪಯೋಗ ಎಂದು ಕೇಳಬೇಡಿ. ಮನೆಯಲ್ಲಿ ಕನ್ನಡ ಉಳಿಸಲು ಹೆಣಗುವ ನಿಮಗೆ ಆ ಪ್ರಶ್ನೆ ಎಷ್ಟು ನೋವಿನದೆಂದು ಗೊತ್ತಿದೆ. ಮಗುವಿನಿಂದ ಆ ಪದ ಕಲಿಯಿರಿ. ನದಿದಂಡೆಯ ನಡಿಗೆಗೆ ಹಿರಿಯರು ಕರೆದರೆ ಜೊತೆಗೆ ಹೋಗಿ. ಕೇಳಿಸಿಕೊಳ್ಳಿ, ಫೋಟೊ ತೆಗೆಯುವ ಮುಂಚೆ ಒಪ್ಪಿಗೆ ಕೇಳಿ. ಸಿಡ್ನಿ, ಕ್ಯಾನ್ಬೆರಾ, ಮೆಲ್ಬರ್ನ್‌ಗಳಲ್ಲಿ ಇರುವವರು ನಿಮ್ಮ ಮನೆ ಯಾವ ಜನರ ನೆಲದ ಮೇಲಿದೆ ಎಂದು ಮೊದಲು ತಿಳಿದುಕೊಳ್ಳಿ. ಅಲ್ಲಿನ ಭಾಷೆ ವಿರಾಜುರಿ ಅಲ್ಲ. ಆ ಊರುಗಳಿಗೆ ಅವುಗಳದೇ ಭಾಷೆಗಳಿವೆ, ಅವುಗಳನ್ನು ಮಕ್ಕಳಿಗೆ ದಾಟಿಸಲು ದುಡಿಯುತ್ತಿರುವ ಹಿರಿಯರೂ ಇದ್ದಾರೆ.